ಒಂದು ಕಲ್ಲು, ಹನ್ನೊಂದು ಸಂಘ

ಇತಿಹಾಸದ ಕಾರ್ಯಕ್ರಮಕ್ಕೆ ಆಹ್ವಾನ ಪತ್ರಿಕೆ ಬಂದರೆ ನನ್ನ ಕಣ್ಣು ಮೊದಲು ಹೋಗುವುದು ‘ಇವರ ಸಹಯೋಗದಲ್ಲಿ’ ಎಂಬ ಸಾಲಿಗೆ. ಎಷ್ಟು ಸಂಘಗಳ ಹೆಸರಿದೆ, ಯಾರದು ಮೇಲೆ, ಯಾರದು ಕೆಳಗೆ, ಯಾರ ಲಾಂಛನ ದಪ್ಪಗಿದೆ, ಯಾರನ್ನು ಮೂಲೆಗೆ ತಳ್ಳಿದ್ದಾರೆ, ಇಷ್ಟು ನೋಡಿಕೊಂಡರೆ ಆ ಊರಿನ ಹಳೆಯ ಕಥೆ ತಿಳಿಯದಿದ್ದರೂ ಈಗಿನ ಕಥೆ ತಿಳಿಯುತ್ತದೆ. ಮೊನ್ನೆ ಬಂದ ಕಾರ್ಡಿನಲ್ಲಿ ಹನ್ನೊಂದು ಹೆಸರುಗಳಿದ್ದವು. ಇಷ್ಟೂ ಜನ ಸೇರಿ ಮಾಡಹೊರಟಿದ್ದು ಒಂದು ವೀರಗಲ್ಲನ್ನು ನೆಟ್ಟಗೆ ನಿಲ್ಲಿಸುವ ಕೆಲಸ.

“ಯಾರ್ದು ಸ್ವಾಮಿ, ಮದ್ವೆ ಕಾಗ್ದವಾ?” ಎಂದರು ಕಾಂಪೌಂಡಿನ ಆಚೆಯಿಂದ ಗೌಡರು. ನಮ್ಮ ಬಡಾವಣೆ ಏಳುವ ಮೊದಲು ಇಲ್ಲಿದ್ದದ್ದು ಅವರ ರಾಗಿ ಹೊಲ. ಅವರ ಲೆಕ್ಕದಲ್ಲಿ ನಾನು ಈಗಲೂ ಅವರ ಹೊಲದಲ್ಲೇ ಕೂತು ಪೇಪರು ಓದುತ್ತಿರುವವನು. ಹಾಗಾಗಿ ನನಗೆ ಬಂದ ಟಪಾಲಿನಲ್ಲಿ ಅವರಿಗೂ ಒಂದು ಪಾಲು ಉಂಟು.

“ಮದುವೆ ಅಲ್ಲ ಗೌಡ್ರೇ, ಕಲ್ಲು ನಿಲ್ಲಿಸೋ ಕಾರ್ಯಕ್ರಮ.”

“ಒಂದ್ ಕಲ್ಲಿಗೆ ಇಷ್ಟ್ ಜನವಾ? ನಮ್ಮಪ್ಪನೂ ನಾನೂ ಇಬ್ರೇ ಸೇರ್ಕಂಡು ಕಣದ ಗುಂಡು ತಂದಿದ್ವಿ, ಎರಡೆತ್ತು ಕಟ್ಕಂಡು.”

ಮಾತು ನ್ಯಾಯವಾಗಿತ್ತು. ಕುರ್ಚಿ ಎಳೆದುಕೊಂಡು ಕಾಂಪೌಂಡಿನ ಹತ್ತಿರ ಹೋದೆ. ಒಳಗಿಂದ “ತಿಂಡಿ ಆರ್ತಾ ಇದೆ” ಎಂಬ ದನಿ ಬಂತು. ಆರಲಿ ಎಂದುಕೊಂಡೆ, ಕಲ್ಲಿನ ವಿಷಯ ಬಿಸಿಯಾಗಿರುವಾಗಲೇ ಮಾತಾಡಬೇಕು.

ಗೌಡರಿಗೆ ಹೆಬ್ಬಾಳದ ಕಿತ್ತಯ್ಯನ ಕಥೆ ಹೇಳಿದೆ. ಹೆಬ್ಬಾಳ ಅಂದರೆ ಈಗ ಎಲ್ಲರಿಗೂ ಫ್ಲೈಓವರು. ಅದರ ಮೇಲೆ ಗಾಡಿ ನಿಲ್ಲಿಸಿಕೊಂಡು ಆಕಾಶ ನೋಡದವರು ಬೆಂಗಳೂರಲ್ಲಿ ಕಡಮೆ. ಆದರೆ ಹೆಬ್ಬಾಳ ಎಂಬುದು ಒಂದು ಊರು ಕೂಡ. ಆ ಊರಿನೊಳಗೆ 2018ರಲ್ಲಿ ಒಂದು ಶಾಸನದ ಕಲ್ಲು ಬೆಳಕಿಗೆ ಬಂತು. ಕಾಲ ಸುಮಾರು ಕ್ರಿ.ಶ. 750. ಗಂಗರ ಶ್ರೀಪುರುಷ ಆಳುತ್ತಿದ್ದಾಗ ರಾಷ್ಟ್ರಕೂಟರ ಕಡೆಯವರು ಈ ಸೀಮೆಯ ಮೇಲೆ ಬಿದ್ದರು; ಕಿತ್ತಯ್ಯ ಎಂಬವನು ಎದುರು ನಿಂತು ಕಾದಾಡಿ ಸತ್ತ. ಬೆಂಗಳೂರು ನಗರದೊಳಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು ಎನ್ನುತ್ತಾರೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿಸುವುದಕ್ಕೂ ಎಂಟುನೂರು ವರ್ಷದಷ್ಟು ಹಿಂದಿನ ಮಾತು.

“ಸತ್ತೋನ ಹೆಂಡ್ತಿ ಮಕ್ಕಳಿಗೆ ಏನ್ ಕೊಟ್ರಂತೆ?” ಎಂದು ಕೇಳಿದರು ಗೌಡರು.

ವಿದ್ವಾಂಸರ ಉಪನ್ಯಾಸ ಎಷ್ಟೋ ಕೇಳಿದ್ದೇನೆ. ಲಿಪಿ ಯಾವ ಶತಮಾನದ್ದು, ಛಂದಸ್ಸು ಇದೆಯೇ, ರಾಜನ ಬಿರುದು ಏನು ಎಂದೆಲ್ಲ ಚರ್ಚೆ ನಡೆದಿದ್ದು ಉಂಟು. ಸಭೆಯಲ್ಲಿ ಕೂತವರು ಯಾರೂ ಮೊದಲ ಪ್ರಶ್ನೆಯಾಗಿ ಇದನ್ನು ಕೇಳಿದ್ದು ನನಗೆ ನೆನಪಿಲ್ಲ. ಹೀಗೆ ಸತ್ತವರ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು, ಅದಕ್ಕೆ ನೆತ್ತರುಗೊಡಗೆ ಅನ್ನುತ್ತಿದ್ದರು, ಎಷ್ಟೋ ವೀರಗಲ್ಲಿನ ಮೇಲೆ ಅದನ್ನೂ ಕೆತ್ತಿಸಿದ್ದಾರೆ ಎಂದೆ.

ಗೌಡರು ಸ್ವಲ್ಪ ಹೊತ್ತು ಬೇವಿನ ಕಡ್ಡಿ ಅಗಿದರು. “ನಮ್ ಜಮೀನು ಹೋದಾಗ್ಲೂ ಸೈಟ್ ಕೊಡ್ತೀವಿ ಅಂದಿದ್ರು ಸ್ವಾಮಿ. ಕಲ್ಲಲ್ಲೇ ಬರ್ಸ್ಕಬೇಕಿತ್ತು, ಕಾಗ್ದದಲ್ಲಿ ಬರ್ಸ್ಕಂಡು ಕೆಟ್ವಿ.”

ಕಿತ್ತಯ್ಯನ ಕಲ್ಲು ಸಿಕ್ಕಿದ ಮೇಲೆ ಅದನ್ನು ಯಾವುದೋ ಗೋದಾಮಿಗೆ ಸಾಗಿಸಲಿಲ್ಲ. ಊರವರೂ ಶಾಸನದ ಹುಚ್ಚಿನವರೂ ಸೇರಿ ಹಣ ಕೂಡಿಸಿ ಅಲ್ಲೇ ಒಂದು ಮಂಟಪ ಎಬ್ಬಿಸಿದರು. ಇದು ಗೌಡರಿಗೆ ಹಿಡಿಸಿತು. ಸತ್ತ ಜಾಗದಲ್ಲೇ ನಿಲ್ಲಿಸಿದ್ದು ಸರಿ ಎಂದರು.

ಈ ಕಲ್ಲುಗಳ ಬೆನ್ನು ಹತ್ತಿದವರಲ್ಲಿ ಹಿರಿಯ ಹೆಸರು ಬೆಂಜಮಿನ್ ಲೂಯಿಸ್ ರೈಸ್. ಹೆಸರು ಇಂಗ್ಲಿಷಿನದಾದರೂ ಮನುಷ್ಯ ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದವನು. ಮೈಸೂರು ಸಂಸ್ಥಾನದ ಊರೂರು ಸುತ್ತಿ, ಪಂಡಿತರನ್ನು ಜೊತೆಗಿಟ್ಟುಕೊಂಡು, ಒಂಬತ್ತು ಸಾವಿರದ ಹತ್ತಿರ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕ’ದ ಹನ್ನೆರಡು ಸಂಪುಟಗಳಿಗೆ ಇಳಿಸಿದ. ಮೊದಲನೆಯದು, ಕೊಡಗಿನದು, 1886ರಲ್ಲಿ ಬಂತು. ಒಂಬತ್ತನೆಯದು ಬೆಂಗಳೂರು ಜಿಲ್ಲೆಯದು, 1905ರಲ್ಲಿ.

“ಬಿಳಿಯೋನಿಗೆ ನಮ್ಮೂರ ಕಲ್ ಮ್ಯಾಲೆ ಯಾಕ್ ಅಷ್ಟು ಆಸೆ? ನಿಧಿ ಹುಡುಕ್ತಿದ್ನಾ?”

ಈ ಅನುಮಾನ ಗೌಡರೊಬ್ಬರದೇ ಅಲ್ಲ. ಕಲ್ಲಿನ ಮೇಲೆ ಓದಲು ಬಾರದ ಅಕ್ಷರ ಇದ್ದರೆ ಅದು ಕೊಪ್ಪರಿಗೆ ಹೊನ್ನಿನ ಗುರುತು ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬೇರುಬಿಟ್ಟಿದೆ. ಆ ನಂಬಿಕೆಗೆ ಸಿಕ್ಕಿ ಬುಡ ಸಮೇತ ಅಗೆಸಿಕೊಂಡ, ಒಡೆಸಿಕೊಂಡ ಕಲ್ಲುಗಳಿಗೆ ಲೆಕ್ಕವಿಲ್ಲ. ತಮಾಷೆ ಏನೆಂದರೆ ಆ ಅಕ್ಷರಗಳನ್ನು ಓದಿದರೆ ಅಲ್ಲಿರುವುದು ಶಾಪ. ಈ ಧರ್ಮವನ್ನು ಅಳಿದವನು ವಾರಾಣಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು ದಾನಶಾಸನಗಳ ಕೊನೆಯಲ್ಲಿ ಮತ್ತೆ ಮತ್ತೆ ಕೆತ್ತಿದ್ದಾರೆ. ನಿಧಿಗಳ್ಳ ಅದನ್ನೇ ನಿಧಿಯ ವಿಳಾಸ ಅಂದುಕೊಂಡು ಹಾರೆ ಹಾಕುತ್ತಾನೆ. ಓದು ಬಾರದಿದ್ದರೆ ಶಾಪವೂ ತಟ್ಟುವುದಿಲ್ಲವೋ ಏನೋ.

ರೈಸನ ಪುಸ್ತಕದಲ್ಲಿ ಕಲ್ಲಿನ ಪಾಠದ ಜೊತೆಗೆ ಅದು ಎಲ್ಲಿದೆ ಎಂಬುದನ್ನೂ ಕೊಟ್ಟಿದೆ. ಇಂಥ ಊರಿನ ಇಂಥ ಗುಡಿಯ ಮುಂದೆ, ಇಂಥ ದಿಕ್ಕಿನ ಹೊಲದಲ್ಲಿ, ಕೆರೆಯ ಏರಿಯ ಹತ್ತಿರ ಎಂದು. ಆ ಪುಸ್ತಕ ಹಿಡಿದು ಭಾನುವಾರ ಭಾನುವಾರ ಹೊರಡುವ ಒಂದು ಜಾತಿ ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ಬೆಳೆದಿದೆ. ಹೆಚ್ಚಿನವರು ಎಂಜಿನಿಯರುಗಳು, ಉಳಿದವರು ನನ್ನಂತೆ ನಿವೃತ್ತರು. ವಿಳಾಸ ಶತಮಾನಕ್ಕೂ ಹಳೆಯದು. ಹೊಲ ಇದ್ದಲ್ಲಿ ಹದಿನಾಲ್ಕು ಅಂತಸ್ತು, ಕೆರೆ ಏರಿ ಇದ್ದಲ್ಲಿ ಸರ್ವಿಸ್ ರಸ್ತೆ. ವಾಚ್‌ಮನ್ ಹತ್ತಿರ ಹೋಗಿ “ಇಲ್ಲೊಂದು ಹೊಯ್ಸಳರ ಕಾಲದ ಕಲ್ಲಿತ್ತಲ್ಲ” ಎಂದು ಕೇಳಿದರೆ ಅವನು ಯಾವ ಫ್ಲಾಟು ಎಂದು ಕೇಳಿ ರಿಜಿಸ್ಟರ್ ಮುಂದಿಡುತ್ತಾನೆ.

ಸಿಗುವುದೇ ಇಲ್ಲ ಅಂತಲ್ಲ. ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಗೆ ಹೋದರೆ ಗೋಡೆ ಬಾಗಿಲುವಾಡದ ಮೇಲೆ ತಮಿಳು ಶಾಸನಗಳನ್ನು ಈಗಲೂ ಕೈಯಲ್ಲಿ ಮುಟ್ಟಬಹುದು. ಮಲ್ಲೇಶ್ವರದ ಕಾಡುಮಲ್ಲೇಶ್ವರದಲ್ಲಿ ಶಿವಾಜಿಯ ತಮ್ಮ ಏಕೋಜಿ 1669ರಲ್ಲಿ ಕೊಟ್ಟ ದತ್ತಿಯ ಶಾಸನ ಉಂಟು. ತಮಿಳು ಕೆತ್ತಿಸಿದವರೂ ಮರಾಠರೂ ಗಂಗರೂ ನಮ್ಮ ಊರಿನ ಕಲ್ಲುಗಳಲ್ಲಿ ಜಗಳವಿಲ್ಲದೆ ಇದ್ದಾರೆ. ಅಗರದ್ದು ಇನ್ನೂ ಹಳೆಯದು, ಒಂಬತ್ತನೆಯ ಶತಮಾನದ್ದು. ಇರುಗಮಯ್ಯ ಎಂಬವನು ಎರಡು ಕೆರೆಗಳಿಗೆ ತೂಬು ಇಡಿಸಿ ಇನ್ನೊಂದು ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿದೆ.

“ತೂಬು ಇಡ್ಸಿದ್ದನ್ನ ಕಲ್ಲಲ್ಲಿ ಬರ್ದವ್ರಾ?” ಗೌಡರು ಕಡ್ಡಿ ಉಗಿದು ಕಾಂಪೌಂಡಿಗೆ ಒರಗಿದರು. “ನಮ್ ಕೆರೆ ತೂಬು ಕಿತ್ತಾಕಿದೋರ್ ಹೆಸ್ರೂ ಬರೀಬೇಕು ಸ್ವಾಮಿ. ನಂಗ್ ಗೊತ್ತು ಯಾರು ಅಂತ.”

ಆ ಹೆಸರುಗಳನ್ನು ಅವರು ಹೇಳಿದರು, ನಾನು ಇಲ್ಲಿ ಬರೆಯುವುದಿಲ್ಲ.

ರೈಸನ ಕಾಲದಲ್ಲಿ ಕಲ್ಲಿನ ನಕಲು ತೆಗೆಯುವ ದಾರಿ ಪಡಿಯಚ್ಚು. ಈಗಲೂ ಇಲಾಖೆಗಳಲ್ಲಿ ಅದು ನಡೆಯುತ್ತದೆ. ಕಲ್ಲನ್ನು ತೊಳೆದು ಬ್ರಷ್ಷಿನಿಂದ ಉಜ್ಜಿ, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಇನ್ನೊಂದು ಬ್ರಷ್ಷಿನಿಂದ ತಟ್ಟಿ ತಟ್ಟಿ ಕಾಗದ ಅಕ್ಷರದ ಗುಂಡಿಯೊಳಕ್ಕೆ ಕೂರುವಂತೆ ಮಾಡುತ್ತಾರೆ. ಮೇಲೆ ಮಸಿ ಮೆತ್ತುತ್ತಾರೆ. ಕಲ್ಲಿನ ಮೈ ಕಪ್ಪು, ಅಕ್ಷರ ಬಿಳಿ. ಒಣಗಿದ ಮೇಲೆ ಸುಲಿದು ಮಡಿಚಿಟ್ಟುಕೊಳ್ಳುವುದು. ಗಾಳಿ ಬೀಸಿದರೆ ಕಾಗದ ಹರಿದು ಮೊದಲಿಂದ ಶುರು.

ಈಗ ಹೊಸದು ಬಂದಿದೆ. ಮಿಥಿಕ್ ಸೊಸೈಟಿ ಗೊತ್ತಲ್ಲ, ನೃಪತುಂಗ ರಸ್ತೆಯಲ್ಲಿ ಡಾಲಿ ಮೆಮೋರಿಯಲ್ ಹಾಲ್ ಇರುವುದು. ಶುರುವಾದದ್ದು 1909ರಲ್ಲಿ. ಆ ರಸ್ತೆಯಲ್ಲಿ ಬಸ್ಸಿನಲ್ಲಿ ಎಷ್ಟೋ ವರ್ಷ ಓಡಾಡಿದ ನನ್ನ ಬ್ಯಾಂಕಿನ ಸಹೋದ್ಯೋಗಿಗಳಲ್ಲಿ ಒಬ್ಬರೂ ಒಳಗೆ ಕಾಲಿಟ್ಟವರಲ್ಲ. ಯಾವುದೋ ದೊರೆಗಳ ಕ್ಲಬ್ಬು ಅಂದುಕೊಂಡಿದ್ದರು. ಆ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡಿಸುವ ಕೆಲಸ ಕೈಗೆತ್ತಿಕೊಂಡಿತು. ಇಸ್ತ್ರಿಪೆಟ್ಟಿಗೆಯಂಥ ಒಂದು ಯಂತ್ರವನ್ನು ಹುಡುಗರು ಕಲ್ಲಿನ ಮೈಮೇಲೆ ಮುಟ್ಟಿಯೂ ಮುಟ್ಟದ ಹಾಗೆ ಆಡಿಸುತ್ತಾ ಹೋಗುತ್ತಾರೆ. ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಕಲ್ಲು ತುಂಡು ತುಂಡಾಗಿ ಮೂಡುತ್ತದೆ. ಬಿಸಿಲು ಜೋರಿದ್ದರೆ ಕೊಡೆ ಹಿಡಿಯಬೇಕು. ಆಮೇಲೆ ಪರದೆಯ ಮೇಲೆ ಕಲ್ಲನ್ನು ಬೇಕಾದ ಹಾಗೆ ತಿರುಗಿಸಿ, ಬೆಳಕನ್ನು ಒಂದು ಮಗ್ಗುಲಿಂದ ಹಾಯಿಸಿದರೆ, ಬರಿಗಣ್ಣಿಗೆ ಸವೆದು ಹೋದಂತೆ ಕಾಣುತ್ತಿದ್ದ ಅಕ್ಷರದ ನೆರಳು ಎದ್ದು ಬರುತ್ತದೆ. ನಾನು ನೋಡಿದಾಗ ಅಲ್ಲಿ ನೆರೆದಿದ್ದ ಹೆಂಗಸರು “ಅಯ್ಯೋ, ಬಟ್ಟೆ ಒಗೀತಿದ್ವಲ್ಲ ಇದ್ರ ಮ್ಯಾಲೆ” ಎಂದು ಸೆರಗು ಬಾಯಿಗೆ ಹಿಡಿದರು. ನಿಜಕ್ಕೂ ಒಗೆದಿದ್ದರು, ಸೋಪಿನ ಕಲೆ ಇತ್ತು. ಹುಡುಗನೊಬ್ಬ “ಪರವಾಗಿಲ್ಲ ಅಕ್ಕ, ನೀವು ಒಗೆದದ್ದರಿಂದಲೇ ಯಾರೂ ಒಡೆದಿಲ್ಲ” ಎಂದ. ಇಂಥ ಹುಡುಗರಿರುವ ಸಂಘ ನಡೆಯುತ್ತದೆ ಎಂದು ನನಗೆ ಆಗಲೇ ಅನ್ನಿಸಿತು.

ಇನ್ನು ಸಹಯೋಗದ ಮಾತು. ಇದೇ ನನಗೆ ತುರಿಕೆ.

ನಮ್ಮಲ್ಲಿ ಸಂಘಗಳಿಗೆ ಬರವಿಲ್ಲ. ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ 1890ರಿಂದ ಇದೆ. ಕರ್ನಾಟಕ ಇತಿಹಾಸ ಸಂಶೋಧನ ಮಂಡಳವನ್ನು ಆಲೂರು ವೆಂಕಟರಾಯರು 1914ರಲ್ಲೇ ಹುಟ್ಟುಹಾಕಿದರು. ಕನ್ನಡ ನಾಡು ಬೇರೆ ಬೇರೆ ಆಡಳಿತಗಳ ಕೈಯಲ್ಲಿ ಹರಿದು ಹಂಚಿದ್ದಾಗ ಇತಿಹಾಸವನ್ನಾದರೂ ಒಟ್ಟಿಗೆ ಕೂಡಿಸೋಣ ಎಂದು ಹೊರಟವರು. ಈಚಿನದು ಕರ್ನಾಟಕ ಇತಿಹಾಸ ಅಕಾಡೆಮಿ. ಅದರವರು ಸಮ್ಮೇಳನವನ್ನು ಊರೂರಿಗೆ ಒಯ್ಯುತ್ತಾರೆ, ‘ಇತಿಹಾಸ ದರ್ಶನ’ ಎಂಬ ಸಂಪುಟ ತರುತ್ತಾರೆ. ಅದರಲ್ಲಿ ಹಳ್ಳಿಯ ಮೇಷ್ಟರು ತನ್ನೂರ ಕೆರೆ ಕೋಡಿಯ ಕಲ್ಲಿನ ಬಗ್ಗೆ ಬರೆದ ನಾಲ್ಕು ಪುಟ ವಿಶ್ವವಿದ್ಯಾನಿಲಯದ ಪ್ರಬಂಧದ ಪಕ್ಕದಲ್ಲೇ ಅಚ್ಚಾಗುತ್ತದೆ. ನನಗೆ ಅದು ಬಹಳ ಮೆಚ್ಚುಗೆ. 1984ರಲ್ಲಿ ಹುಟ್ಟಿದ ಇಂಟ್ಯಾಕ್‌ಗೆ ಊರೂರಲ್ಲಿ ಶಾಖೆ ಇದೆ, ಬೆಂಗಳೂರಲ್ಲೂ ಇದೆ. ಕೇಂದ್ರದ ಪುರಾತತ್ತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿ. ರಾಜ್ಯದ್ದು ಬೇರೆ. ಇವುಗಳ ಕೆಳಗೆ ದೇವಸ್ಥಾನದ ಕಮಿಟಿ, ಯುವಕ ಸಂಘ, ಕನ್ನಡ ಸಂಘ, ನಿವಾಸಿಗಳ ಸಂಘ.

ಒಬ್ಬರ ಹತ್ತಿರ ಪುಸ್ತಕ ಇದೆ, ಓದಬಲ್ಲವರು ಇಲ್ಲ. ಇನ್ನೊಬ್ಬರ ಹತ್ತಿರ ಓದಬಲ್ಲವರಿದ್ದಾರೆ, ಬಸ್ ಚಾರ್ಜಿಗೆ ದುಡ್ಡಿಲ್ಲ. ಮತ್ತೊಬ್ಬರ ಹತ್ತಿರ ಯಂತ್ರ. ಇಲಾಖೆಯ ಹತ್ತಿರ ಅಧಿಕಾರ. ಕಲ್ಲು ಮಾತ್ರ ದೇವಸ್ಥಾನದ ಕಮಿಟಿಯ ಹತ್ತಿರ, ಅವರು ಅದಕ್ಕೆ ವರ್ಷಕ್ಕೊಮ್ಮೆ ಎನಾಮಲ್ ಪೇಂಟು ಹೊಡೆಸುತ್ತಿರುತ್ತಾರೆ. ಎಲ್ಲರೂ ಒಂದೆಡೆ ಕೂತರೆ ಅರ್ಧ ದಿನದ ಕೆಲಸ. ಕೂತರು ಕೂಡ. ಕಾರ್ಡು ಅಚ್ಚಾಗುವ ಮೊದಲು ನಡೆದ ಸಭೆಯಲ್ಲಿ ನಾನೂ ಇದ್ದೆ, ಖಜಾಂಚಿಯ ಪಕ್ಕದ ಕುರ್ಚಿಯಲ್ಲಿ. ಮೊದಲ ಒಂದೂವರೆ ಗಂಟೆ ಬ್ಯಾನರಿನಲ್ಲಿ ಲಾಂಛನಗಳು ಯಾವ ಕ್ರಮದಲ್ಲಿ ಬರಬೇಕು ಎಂಬುದಕ್ಕೆ ಹೋಯಿತು. ಅಕಾರಾದಿಯಾಗಿ ಹಾಕೋಣ ಎಂದರು ಒಬ್ಬರು. ಅವರ ಸಂಘದ ಹೆಸರು ‘ಅ’ದಿಂದ ಶುರುವಾಗುತ್ತದೆ ಎಂಬುದನ್ನು ಉಳಿದವರು ತಕ್ಷಣ ಕಂಡುಹಿಡಿದರು. ಹುಟ್ಟಿದ ವರ್ಷದ ಪ್ರಕಾರ ಎಂದರೆ ಇಬ್ಬರ ಸಂಘಗಳು ಒಂದೇ ವರ್ಷ ಹುಟ್ಟಿವೆ, ಒಂದರಿಂದಲೇ ಒಡೆದು ಆದವು. ಆಮೇಲೆ ಮಂಟಪದ ಗ್ರಿಲ್ಲಿನ ಬೀಗದ ಕೈ. ಯಾರ ಹತ್ತಿರ ಇರಬೇಕು? ಕಮಿಟಿಯವರು ತಮ್ಮ ಹತ್ತಿರ ಎಂದರು, ಇತಿಹಾಸದವರು ತಮ್ಮ ಹತ್ತಿರ ಎಂದರು. ಮೂಲೆಯಲ್ಲಿ ಕೂತಿದ್ದ ಹೂವಿನಂಗಡಿಯ ಹೆಂಗಸು, ಆಕೆಯ ಅಂಗಡಿ ಆ ಕಲ್ಲಿನ ಎದುರಿಗೇ ಇರುವುದು, “ಬೀಗ ಯಾಕಣ್ಣ, ನಾನು ಬೆಳಗ್ಗಿಂದ ರಾತ್ರಿಗಂಟ ಅಲ್ಲೇ ಇರ್ತೀನಲ್ಲ” ಎಂದಳು. ಅದನ್ನು ನಡಾವಳಿಯಲ್ಲಿ ಯಾರೂ ಬರೆಯಲಿಲ್ಲ. ನನ್ನ ಮಟ್ಟಿಗೆ ಆ ದಿನ ಆದ ಒಂದೇ ನಿರ್ಣಯ ಅದು.

“ಕಮಿಟಿಯೋರನ್ನ ಬೈಬೇಡಿ,” ಎಂದರು ಗೌಡರು. ಅವರೂ ಒಂದು ಕಮಿಟಿಯಲ್ಲಿದ್ದಾರೆ. “ಪೇಂಟ್ ಹೊಡ್ಸಿದ್ದು ಭಕ್ತಿಗೆ.”

“ಭಕ್ತಿ ಸರಿ. ಪೇಂಟ್ ತೆಗೆಸೋಕೆ ಮರಳು ಊದಿಸ್ತಾರಲ್ಲ ಗೌಡ್ರೇ, ಜೀರ್ಣೋದ್ಧಾರ ಅಂತ? ಅಕ್ಷರ ಎಲ್ಲ ಅದ್ರ ಜೊತೆ ಹೋಗುತ್ತೆ.”

“ಅದು ತಪ್ಪು,” ಎಂದು ಒಪ್ಪಿಕೊಂಡರು. ಸ್ವಲ್ಪ ತಡೆದು, “ಎಣ್ಣೆ?” ಎಂದರು.

ಎಣ್ಣೆಗೆ ಧೂಳು ಅಂಟಿ ಪದರ ಕಟ್ಟುತ್ತದೆ, ಆದರೆ ಸುಣ್ಣ ಬಣ್ಣಕ್ಕಿಂತ ವಾಸಿ ಎಂದೆ. ಅವರ ಮುಖ ಸಡಿಲವಾಯಿತು. ಆಗ ಬಂತು ನಿಜವಾದ ವಿಷಯ. ಅವರ ಹಳೆಯ ದನದ ಕೊಟ್ಟಿಗೆಯ ಹಿಂದೆ, ಈಗಿನ ಟ್ರಾನ್ಸ್‌ಫಾರ್ಮರಿನ ಮಗ್ಗುಲಲ್ಲಿ, ಒಂದು ಕಲ್ಲು ಓರೆಯಾಗಿ ನಿಂತಿದೆ. ಮನೆಯವರು ಹಬ್ಬಕ್ಕೊಮ್ಮೆ ಎಣ್ಣೆ ಹಚ್ಚಿ ಹೂ ಇಡುತ್ತಾರೆ. ಇಷ್ಟು ದಿನದಲ್ಲಿ ನನಗೆ ಅದನ್ನು ತೋರಿಸಿರಲಿಲ್ಲ.

“ಯಾಕೆ ಹೇಳ್ಲಿಲ್ಲ?”

“ಕಲ್ಲು ಐತೆ ಅಂದ್ರೆ ಸುತ್ಲೂ ನೂರು ಮೀಟ್ರು ಮನೆ ಕಟ್ಟಂಗಿಲ್ಲ ಅಂತಾರಂತಲ್ಲ. ನನ್ ಮಗ ಮ್ಯಾಲಿನ್ ಫ್ಲೋರ್ ಎತ್ತಬೇಕು ಅಂತವ್ನೆ.”

ಊರಿನ ತುಂಬ ಇರುವ ಹೆದರಿಕೆ ಇದು. ಎಷ್ಟೋ ಕಲ್ಲುಗಳು ರಾತ್ರೋರಾತ್ರಿ ಬೋರಲು ಬೀಳುವುದಕ್ಕೆ, ಮೋರಿಯ ಮೇಲಿನ ಚಪ್ಪಡಿ ಆಗುವುದಕ್ಕೆ ನಿಧಿಯಾಸೆಯಷ್ಟೇ ಇದೂ ಕಾರಣ ಎಂದು ನನ್ನ ಅಂದಾಜು. ಆ ನೂರು ಮೀಟರಿನ ನಿಷೇಧ 2010ರ ತಿದ್ದುಪಡಿಯಲ್ಲಿ ಕಾನೂನಿನೊಳಗೆ ಬಂತು. ಅದರಾಚೆ ಇನ್ನೂರು ಮೀಟರಿಗೆ ಅನುಮತಿ ಬೇಕು. ಆದರೆ ಅದು ಕೇಂದ್ರ ಸರ್ಕಾರ ಸಂರಕ್ಷಿತ ಎಂದು ಘೋಷಿಸಿದ ಸ್ಮಾರಕಗಳಿಗೆ. ಕೊಟ್ಟಿಗೆಯ ಹಿಂದಿನ ಕಲ್ಲನ್ನು ಯಾರೂ ಘೋಷಿಸಿಲ್ಲ. ಇದನ್ನು ಊರವರಿಗೆ ಬಿಡಿಸಿ ಹೇಳುವ ಕೆಲಸವನ್ನು ಹನ್ನೊಂದರಲ್ಲಿ ಒಂದು ಸಂಘವೂ ಮಾಡಿದ್ದು ನಾನು ಕಾಣೆ. ಕರಪತ್ರದಲ್ಲಿ ‘ನಮ್ಮ ಭವ್ಯ ಪರಂಪರೆ’ ಎಂದು ಹಾಕುವ ಜಾಗದಲ್ಲಿ ‘ನಿಮ್ಮ ಮನೆ ಪ್ಲಾನಿಗೆ ಏನೂ ಆಗುವುದಿಲ್ಲ’ ಎಂದು ಒಂದು ಸಾಲು ಹಾಕಿದರೆ ಕಲ್ಲುಗಳು ತಾವಾಗಿಯೇ ಹೊರಗೆ ಬರುತ್ತವೆ.

ಕಾಂಪೌಂಡು ಸುತ್ತಿಕೊಂಡು ಹೋಗಿ ನೋಡಿದೆ. ಎದೆಮಟ್ಟದ ಕಲ್ಲು, ಬುಡದಲ್ಲಿ ಮೊಣಕಾಲಷ್ಟು ಮಣ್ಣು ಏರಿದೆ. ಮೂರು ಪಟ್ಟಿ. ಕೆಳಗಿನದರಲ್ಲಿ ಒಬ್ಬ ಕತ್ತಿ ಎತ್ತಿದ್ದಾನೆ, ಅವನ ಹಿಂದೆ ಎರಡು ಹಸುಗಳು. ತುರು ಕಾದು ಸತ್ತವನು, ದನಗಳ್ಳರಿಗೆ ಎದುರಾಗಿ. ನಡುವಿನ ಪಟ್ಟಿಯಲ್ಲಿ ಇಬ್ಬರು ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೊಯ್ಯುತ್ತಿದ್ದಾರೆ. ಒಬ್ಬಳ ಮುಖ ಎಣ್ಣೆಯ ಪದರದಲ್ಲಿ ಮುಚ್ಚಿದೆ. ಮೇಲಿನದರಲ್ಲಿ ಅವನು ಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ, ತುದಿಯಲ್ಲಿ ಸೂರ್ಯ ಚಂದ್ರ. ಕೊಟ್ಟಿಗೆಯ ಹಿಂದೆ ದನ ಕಾದವನು ನಿಂತಿರುವುದು ಸರಿಯಾಗಿಯೇ ಇತ್ತು.

ಅಕ್ಷರ ಒಂದೂ ಇಲ್ಲ.

ಇಲ್ಲಿಯೇ ತೊಡಕು. ರೈಸನ ಸಂಪುಟಗಳು ಶಾಸನದವು. ಬರಹವಿದ್ದ ಕಲ್ಲುಗಳಿಗೆ ನಂಬರು ಬಿತ್ತು. ಮೈಸೂರು ವಿಶ್ವವಿದ್ಯಾನಿಲಯದವರು 1972ರಿಂದ ಹೊರತಂದ ಪರಿಷ್ಕೃತ ಸಂಪುಟಗಳದೂ ಅದೇ ದಾರಿ. ಅಕ್ಷರವಿಲ್ಲದ ವೀರಗಲ್ಲು, ತೋಳೆತ್ತಿ ಬಳೆ ತೋರುವ ಮಾಸ್ತಿಕಲ್ಲು, ಊರಬಾಗಿಲ ಕರುವುಗಲ್ಲು, ಇವು ಯಾವ ಪಟ್ಟಿಗೂ ಸೇರದೆ ಉಳಿದವೇ ಹೆಚ್ಚು. ಲಿಪಿತಜ್ಞರಿಗೆ ಬೇಡ, ಇಲಾಖೆಗೆ ಸಣ್ಣದು, ಮುಜರಾಯಿಗೆ ಗುಡಿಯಲ್ಲ, ಪಾಲಿಕೆಗೆ ಅಡ್ಡ. ಹೆಸರಿಲ್ಲದ ವೀರನ ವಾರಸುದಾರ ಅವನಿಗೆ ಎಣ್ಣೆ ಹಚ್ಚುವವನೇ. ಸಂಘಗಳು ಒಂದಾಗುವುದಾದರೆ ಇಂಥ ಕಲ್ಲಿಗಾಗಿ ಒಂದಾಗಲಿ ಎಂಬುದು ನನ್ನ ತಕರಾರು. ಕಿತ್ತಯ್ಯನಿಗೆ ಈಗ ಗೆಳೆಯರಿದ್ದಾರೆ.

“ಮ್ಯೂಸಿಯಮ್ಮಿಗೆ ತಗಂಡೋಗ್ತಾರಾ?” ಗೌಡರ ದನಿಯಲ್ಲಿ ಭಯವೂ ಇತ್ತು, ಸ್ವಲ್ಪ ಆಸೆಯೂ ಇತ್ತು.

ಮ್ಯೂಸಿಯಂ ಕೆಟ್ಟದ್ದಲ್ಲ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ದೊಡ್ಡ ವೀರಗಲ್ಲಿದೆ, ಕುದುರೆ ಆನೆ ಕಾಲಾಳುಗಳ ಇಡೀ ಯುದ್ಧವೇ ಅದರ ಮೇಲಿದೆ. ಬಯಲಲ್ಲಿ ಬಿಟ್ಟಿದ್ದರೆ ಉಳಿಯುತ್ತಿತ್ತೋ ಇಲ್ಲವೋ. ಆತಕೂರಿನ ಕಲ್ಲೂ ಅಲ್ಲಿದೆ. ಅದರ ಕಥೆ ಹೇಳದೆ ಇರಲಾಗಲಿಲ್ಲ. ಗಂಗರ ಬೂತುಗ ತನ್ನ ಕಡೆಯ ಮಣಲೇರನೆಂಬ ವೀರನಿಗೆ ಏನು ಬೇಕು ಕೇಳು ಎಂದ. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟ. ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಬಿದ್ದವು. ನಾಯಿಯ ನೆನಪಿಗೆ ಕಲ್ಲು ನೆಟ್ಟರು, ಪೂಜೆಗೆ ಭೂಮಿ ಬಿಟ್ಟರು. ಹತ್ತನೆಯ ಶತಮಾನದ ನಡುವಿನ ಮಾತು. ಮಂಡ್ಯ ಜಿಲ್ಲೆಯ ಆತಕೂರು.

ಗೌಡರು ತಮ್ಮ ಕಾಲಬುಡದಲ್ಲಿ ಮಲಗಿದ್ದ ಕರಿಯನನ್ನು ಒಮ್ಮೆ ನೋಡಿದರು. ಅದು ಬೆಕ್ಕು ಕಂಡರೆ ಮಂಚದ ಕೆಳಗೆ ಹೋಗುವ ನಾಯಿ. “ನಾಯಿಗೂ ಜಮೀನು ಬಿಟ್ರಾ!” ಎಂದರು. ಮತ್ತೆ ಸೈಟಿನ ವಿಷಯಕ್ಕೆ ಹೋಗುತ್ತಾರೆಂದು ನಾನೇ ಮಾತು ತಿರುಗಿಸಿದೆ.

ಆದರೂ ಆತಕೂರಿಗೆ ಹೋದವನಿಗೆ ಕಾಳಿ ಸಿಗುವುದಿಲ್ಲ, ಬೇಗೂರಿಗೆ ಹೋದವನಿಗೆ ಆ ಯುದ್ಧ ಸಿಗುವುದಿಲ್ಲ. ಬೇಗೂರಿನ ಪುಣ್ಯಕ್ಕೆ ‘ಬೆಂಗಳೂರ ಕಾಳಗ’ ಎಂದು ಕೆತ್ತಿದ, ಸುಮಾರು 890ರ ಕಲ್ಲು ನಾಗೇಶ್ವರನ ಗುಡಿಯ ಅಂಗಳದಲ್ಲೇ ಉಳಿದಿದೆ. ವೀರಬಲ್ಲಾಳನಿಗೆ ಬೆಂದ ಕಾಳು ಬಡಿಸಿದ ಅಜ್ಜಿಯ ಅಭಿಮಾನಿಗಳಿಗೆ ಅದು ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ, ಬಲ್ಲಾಳನಿಗಿಂತ ಮುನ್ನೂರು ವರ್ಷದಷ್ಟು ಮೊದಲೇ ಊರಿಗೆ ಆ ಹೆಸರಿತ್ತಲ್ಲ ಎಂದು. ಮ್ಯೂಸಿಯಮ್ಮಿನ ದೀಪದ ಕೆಳಗೆ ಕಲ್ಲು ಸುಖವಾಗಿರುತ್ತದೆ, ಒಪ್ಪಿದೆ. ಆದರೆ ಅಲ್ಲಿ ಅದಕ್ಕೆ ಎಣ್ಣೆ ಹಚ್ಚುವವರಿಲ್ಲ, ಅದರ ಮೇಲೆ ಕೂತು ಬೈಸಿಕೊಳ್ಳುವ ಹುಡುಗರಿಲ್ಲ, ಎದುರಿಗೆ ಹೂವಿನಂಗಡಿಯಿಲ್ಲ. ಸಾಧ್ಯವಿದ್ದಷ್ಟೂ ಇದ್ದಲ್ಲೇ ಇರಲಿ ಎನ್ನುವವನು ನಾನು. ಇಲಾಖೆಯವರೊಬ್ಬರು ಇದನ್ನು ಕೇಳಿ ನಕ್ಕರು, “ನೀವು ಕಾಯ್ತೀರಾ ಸಾರ್?” ಎಂದು. ನಾನಲ್ಲ, ಗೌಡರು ಕಾಯುತ್ತಾರೆ.

ಹೀಗೆ ಶುರುವಾದದ್ದು ಈಗ ಬರುವ ಭಾನುವಾರದ ಕೆಲಸವಾಗಿ ನಿಂತಿದೆ. ಬುಡದ ಮಣ್ಣು ಬಿಡಿಸಿ, ಕಲ್ಲನ್ನು ಎತ್ತಿ, ಟ್ರಾನ್ಸ್‌ಫಾರ್ಮರಿನಿಂದ ಹತ್ತು ಹೆಜ್ಜೆ ಈಚೆಗೆ ಅರಳಿಕಟ್ಟೆಯ ಪಕ್ಕ ನಿಲ್ಲಿಸುವುದು. ಗೌಡರ ತಂಗಿಯ ಮಗನದು ಜೆಸಿಬಿ ಇದೆ. ಜೆಸಿಬಿಯ ಹಲ್ಲು ತಗಲಿದರೆ ಅಪ್ಸರೆಯರ ಗತಿ ಏನು ಎಂದು ಇತಿಹಾಸದ ಹುಡುಗರು ಹೌಹಾರಿದರು. ಕೊನೆಗೆ ಗೋಣಿಚೀಲ ಸುತ್ತಿ, ಅಗಲದ ಬೆಲ್ಟು ಹಾಕಿ, ಜೆಸಿಬಿ ಬರೀ ಎತ್ತಿ ಹಿಡಿಯುವುದು, ಬಿಡಿಸುವ ಕೆಲಸ ಗಡಾರಿಯಲ್ಲಿ ಕೈಯಿಂದಲೇ ಎಂದು ತೀರ್ಮಾನವಾಯಿತು. ಎಣ್ಣೆಯ ಪದರ ತೆಗೆಯುವುದಕ್ಕೆ ಯಾರೂ ಬ್ರಷ್ಷು ಹಿಡಿಯಕೂಡದು, ತಿಳಿದವರು ಬಂದು ನೋಡಲಿ ಎಂದು ಇಂಟ್ಯಾಕ್ ಕಡೆ ಬಲ್ಲವರೊಬ್ಬರು ಹೇಳಿದ್ದಾರೆ. ಪೂಜಾರಿ ರಾಹುಕಾಲ ಬಿಡಬೇಕು ಎಂದಿದ್ದಾರೆ. ಭಾನುವಾರ ರಾಹುಕಾಲ ಸಂಜೆ, ಅದೊಂದು ಅನುಕೂಲ. ಲೈನ್‌ಮನ್ ಎರಡು ಗಂಟೆ ಕರೆಂಟು ತೆಗೆಯಲು ಒಪ್ಪಿದ್ದಾನೆ, ಬಾಯಿಮಾತಿನಲ್ಲಿ. ಕಲ್ಲಿನ ಪಕ್ಕದ ಫಲಕದಲ್ಲಿ ಏನು ಬರೆಯಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ‘ತುರುಗೊಳ್ ವೀರಗಲ್ಲು’ ಎಂದು ಶಾಸ್ತ್ರೀಯವಾಗಿ ಹಾಕಬೇಕೆಂದು ಒಂದು ಪಕ್ಷ. ‘ದನ ಕಾದವನ ಕಲ್ಲು, ಇದರ ಮೇಲೆ ಕೂರಬೇಡಿ’ ಎಂದು ಹಾಕಿ ಎಂದು ಗೌಡರು. ನಾನು ಗೌಡರ ಕಡೆ.

ಗೌಡತಿಯವರದು ಮಾತ್ರ ನೇರವಾದ ಪ್ರಶ್ನೆ. “ಎಷ್ಟ್ ಜನ ಬತ್ತಾರೆ ಅಂತ ಸುಕ್ರವಾರವೇ ಹೇಳ್ಬುಡಿ ಸ್ವಾಮಿ, ಇಡ್ಲಿಗೆ ನೆನೆ ಹಾಕ್ಬೇಕು.”

ಒಂದೊಂದೇ ಸಂಘಕ್ಕೆ ಫೋನ್ ಮಾಡಿದೆ. ಒಬ್ಬರು ನಾಲ್ಕು ಜನ ಎಂದರು, ಒಬ್ಬರು ಇಬ್ಬರು ಕಳಿಸುತ್ತೇವೆ ಎಂದರು, ಒಬ್ಬರು ಅಧ್ಯಕ್ಷರು ಫೋಟೊ ಹೊತ್ತಿಗೆ ಬರುತ್ತಾರೆ ಎಂದರು. ಕೂಡಿಸಿ ನೋಡಿದರೆ ಗಡಾರಿ ಹಿಡಿಯುವವರು ಆರು, ತಿಂಡಿಗೆ ನಲವತ್ತು. ಸಂಕೋಚದಿಂದಲೇ ಕಾಂಪೌಂಡಿನ ಹತ್ತಿರ ಹೋಗಿ ಹೇಳಿದೆ.

“ನಲವತ್ತೇ ಬರ್ಲಿ ಬುಡಿ,” ಎಂದರು ಗೌಡತಿ, ಮೊರದಲ್ಲಿ ಉದ್ದಿನಬೇಳೆ ಆರಿಸುತ್ತಾ. “ಮದ್ಲು ಕಲ್ಲು, ಆಮೇಲ್ ಇಡ್ಲಿ. ಕೈಗ್ ಮಣ್ಣಾಗ್ದೋರಿಗೆ ಚಟ್ನಿ ಇಲ್ಲ ಅಂತ ಹೇಳಿ.”